ಇಲ್ಲ, ನನಗೆ ಕೋಪ ಬಂದಿಲ್ಲ.

‘ಮೆಸೇಜಿನ ಕೊನೆಗೆ ಯಾಕೆ ಚುಕ್ಕಿ ಇಡುತ್ತೀರಿ, ನಮ್ಮ ಮೇಲೆ ಕೋಪವೇ?’ ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುತ್ತಿರುವವಳಿಗೆ ವಾಕ್ಯ ಮುಗಿದ ಕಡೆ ಬೆರಳು ತಾನಾಗಿಯೇ ಪೂರ್ಣವಿರಾಮದ ಮೇಲೆ ಹೋಗುತ್ತದೆ. ಅದರಲ್ಲಿ ಸಿಟ್ಟು ಹುಡುಕುವುದೆಂದರೆ, ಹೊರಗೆ ಹೊರಟವರು ಬಾಗಿಲು ಹಾಕಿಕೊಂಡದ್ದನ್ನು ಕಂಡು ‘ಮುಖಕ್ಕೆ ಬಾಗಿಲು ಬಡಿದರು’ ಎಂದು ದೂರಿದ ಹಾಗೆ.

ನನ್ನನ್ನು ಕೆರಳಿಸುವುದು ಪ್ರಶ್ನೆಗಿಂತ ಅದರ ಧಾಟಿ. ‘ಚುಕ್ಕಿ ಯಾಕೆ’ ಎಂದಷ್ಟೇ ಕೇಳಿದರೆ ಸಮಾಧಾನದಿಂದ ಹೇಳಿಯೇನು. ‘ಕೋಪವೇ’ ಎಂಬ ಬಾಲ ಸೇರಿದೊಡನೆ ಅದುವರೆಗೆ ಇಲ್ಲದಿದ್ದ ಕೋಪ ನಿಜವಾಗಿಯೂ ಬರುತ್ತದೆ. ಹಾಗೆ ಕೇಳುವವರಾದರೂ ಯಾರು? ಮೂರು ಆಶ್ಚರ್ಯಸೂಚಕಗಳ ಆಸರೆಯಿಲ್ಲದೆ ಒಂದು ‘ಥ್ಯಾಂಕ್ಸ್’ ಹೇಳಲಾರದವರು.

ಅವರ ಮಾತಿನಲ್ಲಿ ಹುರುಳೇ ಇಲ್ಲ ಎನ್ನುವಂತೆಯೂ ಇಲ್ಲ. ಪುಸ್ತಕದಲ್ಲಿ ಒಂದು ವಾಕ್ಯವನ್ನು ಮುಂದಿನದರಿಂದ ಬೇರ್ಪಡಿಸುವ ಚುಕ್ಕಿಯ ಕೆಲಸವನ್ನು ಚಾಟಿನಲ್ಲಿ ಕಳುಹಿಸುವ ಗುಂಡಿಯೇ ಮಾಡಿ ಮುಗಿಸುತ್ತದೆ. ಇಲ್ಲದಿದ್ದರೂ ನಡೆಯುವ ಗುರುತನ್ನು ಯಾರಾದರೂ ಇಟ್ಟರೆ ಓದುವವರು ಅದಕ್ಕೊಂದು ಕಾರಣ ಹುಡುಕುತ್ತಾರೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸೀಲಿಯಾ ಕ್ಲಿನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 126 ವಿದ್ಯಾರ್ಥಿಗಳಿಗೆ ಇಂಥ ಸಂಭಾಷಣೆಗಳನ್ನು ಓದಿಸಿದ್ದರು. ಮೆಸೇಜಿನಲ್ಲಿ ಬಂದ ಒಂದು ಪದದ ಉತ್ತರಕ್ಕೆ ಚುಕ್ಕಿ ಇದ್ದಾಗ ಅದು ಅಷ್ಟು ಮನಸಾರೆ ಹೇಳಿದ್ದಲ್ಲ ಎಂದು ಓದಿದವರಿಗೆ ಅನ್ನಿಸಿತು. ಕೈಬರಹದ ಚೀಟಿಯಲ್ಲಿದ್ದಾಗ ಹಾಗೆ ಅನ್ನಿಸಲಿಲ್ಲ. ‘ಒಂದು ಪದದ ಉತ್ತರ’ ಎಂಬುದನ್ನು ಗಮನಿಸಿ, ಅಲ್ಲಿಗೆ ಮತ್ತೆ ಬರುತ್ತೇನೆ.

ಉಳಿದ ಚಿಹ್ನೆಗಳೂ ಸಾಧುಗಳಲ್ಲ. ‘ಬರುತ್ತೀಯಾ’ ಎಂಬಲ್ಲಿ ಕೊನೆಯ ದೀರ್ಘವೇ ಪ್ರಶ್ನೆ ಕೇಳಿಬಿಟ್ಟಿರುತ್ತದೆ, ಅದರ ಮೇಲೆ ಮೂರು ಪ್ರಶ್ನಾರ್ಥಕಗಳನ್ನು ಹೇರಿದರೆ ಜವಾಬು ಕೇಳಿದಂತಾಗುತ್ತದೆ. ಅದೇ ‘ನಾಳೆ ಬರ್ತೀಯ’ ಎಂದು ಚಿಹ್ನೆಯಿಲ್ಲದೆ ಬರೆದರೆ ಪ್ರಶ್ನೆಯೋ ಅಪ್ಪಣೆಯೋ ತಿಳಿಯುವುದಿಲ್ಲ. ನಾನು ಹೆದರುವುದು ಮಾತ್ರ ‘ಸರಿ...’ ಎಂಬುದಕ್ಕೆ. ಆ ಮೂರು ಚುಕ್ಕಿಗಳ ಹಿಂದೆ ಏನನ್ನೋ ನುಂಗಿಕೊಂಡವರು ಕೂತಿರುತ್ತಾರೆ.

ಈ ಪ್ರಶ್ನೆ ನನಗೆ ಅಂಟಿಕೊಂಡದ್ದು ತಂಗಿಯ ಮಗಳಿಂದ. ಇದ್ದ ಕೆಲಸ ಬಿಟ್ಟು ಮತ್ತೆ ಓದಲು ಹೋಗುತ್ತಿದ್ದೇನೆಂದು ಅವಳು ಹನ್ನೊಂದು ಸಾಲು ಬರೆದಿದ್ದಳು. ನಾನು ‘ಸಂತೋಷ.’ ಎಂದು ಉತ್ತರಿಸಿದೆ. ನಾಲ್ಕು ದಿನ ಅತ್ತಲಿಂದ ಸದ್ದಿಲ್ಲ. ಐದನೆಯ ದಿನ ತಂಗಿ ಫೋನ್ ಮಾಡಿ, ‘ಅಕ್ಕ, ಇಷ್ಟವಿಲ್ಲದಿದ್ದರೆ ಬಾಯಿಬಿಟ್ಟು ಹೇಳು. ಆ ಚುಕ್ಕಿ ನೋಡಿ ಅವಳು ಅತ್ತಿದ್ದಾಳೆ’ ಎಂದಳು. ನಾನು ಪೂರ್ಣವಿರಾಮದ ನಿಯಮ ವಿವರಿಸತೊಡಗಿದೆ. ‘ವ್ಯಾಕರಣ ಆಮೇಲೆ, ಮೊದಲು ಅವಳ ಹತ್ತಿರ ಮಾತಾಡು’ ಎಂದು ಇಟ್ಟುಬಿಟ್ಟಳು.

ಅಂದು ಯಾರಾದರೂ ‘ಹನ್ನೊಂದು ಸಾಲಿಗೆ ಒಂದೇ ಪದ ಯಾಕೆ?’ ಎಂದು ಕೇಳಬೇಕಿತ್ತು. ಮೊದಲು ‘ಇನ್ನೊಮ್ಮೆ ಯೋಚಿಸು’ ಎಂದು ಬರೆದು ಅಳಿಸಿದ್ದೆ. ‘ಈ ವಯಸ್ಸಿನಲ್ಲಿ ನನಗೆ ಇಷ್ಟು ಧೈರ್ಯ ಇರಲಿಲ್ಲ’ ಎಂದು ಬರೆದೆ, ಅದನ್ನು ಇನ್ನೂ ಬೇಗ ಅಳಿಸಿದೆ. ಎಲ್ಲ ಅಳಿಸಿದ ಮೇಲೆ ಉಳಿದದ್ದು ‘ಸಂತೋಷ’. ಚುಕ್ಕಿ ಬಿದ್ದದ್ದು ಅಭ್ಯಾಸಬಲದಿಂದ, ಪ್ರಮಾಣ ಮಾಡಿ ಹೇಳುತ್ತೇನೆ. ಆದರೆ ಅದನ್ನು ತೆಗೆದಿದ್ದರೆ ಆ ಪದಕ್ಕೆ ಜೀವ ಬರುತ್ತಿತ್ತು ಎಂದು ಪ್ರಮಾಣ ಮಾಡಲಾರೆ. ಅವಳು ಓದಿಕೊಂಡದ್ದರಲ್ಲಿ ತಪ್ಪಿರಲಿಲ್ಲ, ತಪ್ಪಿತಸ್ಥನನ್ನು ಗುರುತಿಸುವಾಗ ಮಾತ್ರ ಪಕ್ಕದಲ್ಲಿದ್ದವನನ್ನು ಹಿಡಿದಳು.

ಆ ಸಂಜೆ ಅವಳ ಜೊತೆ ಒಂದು ಗಂಟೆ ಮಾತಾಡಿದೆ. ಅಳಿಸಿದ ಎರಡನೆಯ ವಾಕ್ಯವನ್ನೂ ಹೇಳಿದೆ. ಅಂದಿನಿಂದ ಅವಳ ಉತ್ತರಗಳೆಲ್ಲ ‘ಆಯ್ತು ದೊಡ್ಡಮ್ಮ.’ ಎಂದು ಚುಕ್ಕಿ ಸಮೇತ ಬರುತ್ತಿವೆ. ತಮಾಷೆಗೋ, ಇನ್ನೂ ಮುನಿಸು ಉಳಿದಿದೆಯೋ ಎಂದು ಕೇಳಲು ಬಾಯಿ ತುದಿಯವರೆಗೆ ಬರುತ್ತದೆ. ಕೇಳುವ ಮುಖ ಮಾತ್ರ ನನಗಿಲ್ಲ.