ಬಚ್ಚಲ ಒಲೆಗೆ ಹೊಗೆ ಕೊಳವೆ

ಶಿರಸಿ ಸೀಮೆಯ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾದರೂ ಬಚ್ಚಲ ಒಲೆ ಮಾತ್ರ ಆರಿಲ್ಲ. ಮಳೆಗಾಲದುದ್ದಕ್ಕೂ ಸೂರ್ಯನ ಮುಖ ಕಾಣದ ಊರಿನಲ್ಲಿ ಸೋಲಾರ್ ಹೀಟರನ್ನು ನಂಬಿ ಕೂರುವಂತಿಲ್ಲ. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಗೀಸರ್ ಇದ್ದೂ ಇಲ್ಲದಂತೆ. ತೋಟದಲ್ಲಿ ಬೀಳುವ ಸೋಗೆ, ತೆಂಗಿನ ಹೆಡೆ, ಕಾಯಿಸಿಪ್ಪೆ, ಕರಟ ಇವೆಲ್ಲ ಹೇಗೂ ಇರುವಾಗ ಹಂಡೆಯ ನೀರು ಕಟ್ಟಿಗೆಯಿಂದಲೇ ಕಾಯುವುದು ಸಹಜ. ಆದರೆ ಆ ಒಲೆಯ ಹೊಗೆಯನ್ನು ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವಲ್ಲ, ಅದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಬಚ್ಚಲ ಒಲೆಯನ್ನು ಬಿಚ್ಚಿ, ಹೊಗೆ ಕೊಳವೆ ಇರಿಸಿ ಹೊಸದಾಗಿ ಕಟ್ಟಿಸಿದ ಮೇಲೆ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕೆನಿಸಿದೆ.

ಹೊಗೆಯೆಂದರೆ ಉರಿಯದೆ ಉಳಿದ ಕಟ್ಟಿಗೆ. ಕಟ್ಟಿಗೆ ಕಾದಾಗ ಅದರ ತೂಕದ ಮುಕ್ಕಾಲು ಪಾಲು ಅನಿಲವಾಗಿ ಹೊರಬರುತ್ತದೆ. ನಾವು ಜ್ವಾಲೆ ಎನ್ನುವುದು ಆ ಅನಿಲ ಉರಿಯುವುದನ್ನು. ಅದು ಪೂರ್ತಿಯಾಗಿ ಉರಿಯಬೇಕಾದರೆ ಒಲೆಯ ಒಳಗೆ 600 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕು, ಸಾಕಷ್ಟು ಗಾಳಿ ಬೇಕು, ಅನಿಲ ಮತ್ತು ಗಾಳಿ ಬೆರೆಯಲು ತುಸು ಜಾಗ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉರಿಯದ ಅನಿಲ ಹೊಗೆಯಾಗಿ ಕಣ್ಣಿಗೆ, ಎದೆಗೆ, ಮಾಡಿಗೆ ಹೋಗುತ್ತದೆ. ಹಸಿ ಕಟ್ಟಿಗೆಯ ನಿಜವಾದ ತೊಂದರೆಯೂ ಇಲ್ಲಿಯೇ ಇದೆ. ಅದರ ನೀರನ್ನು ಆವಿಯಾಗಿಸಲು ತಗಲುವ ಶಾಖ ಒಟ್ಟು ಲೆಕ್ಕದಲ್ಲಿ ಅಷ್ಟು ದೊಡ್ಡದಲ್ಲ. ಆ ಆವಿ ಒಲೆಯ ಒಳಗನ್ನು ತಣ್ಣಗಾಗಿಸಿ ಅನಿಲ ಉರಿಯದಂತೆ ಮಾಡುವುದೇ ದೊಡ್ಡ ನಷ್ಟ.

ಹಂಡೆಯ ಲೆಕ್ಕವನ್ನೇ ನೋಡೋಣ. 40 ಲೀಟರ್ ನೀರನ್ನು 22 ಡಿಗ್ರಿಯಿಂದ 62 ಡಿಗ್ರಿಗೆ ಏರಿಸಲು 1600 ಕಿಲೋಕ್ಯಾಲರಿ ಸಾಕು. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 4000 ಕಿಲೋಕ್ಯಾಲರಿ ಇರುತ್ತದೆ. ಅಂದರೆ ಶಾಖವೆಲ್ಲ ನೀರಿಗೇ ಹೋದರೆ ಅರ್ಧ ಕಿಲೋ ಕಟ್ಟಿಗೆಯೂ ಬೇಡ. ಬಾಯಿ ತೆರೆದ ಹಳೆಯ ಒಲೆಯಲ್ಲಿ ಹತ್ತರಲ್ಲಿ ಒಂದು ಪಾಲು ಶಾಖ ಮಾತ್ರ ನೀರಿಗೆ ಸೇರಿದರೆ ನಾಲ್ಕು ಕಿಲೋ ಬೇಕಾಗುತ್ತದೆ. ಮೂರು ಪಾಲು ಸೇರುವಂತೆ ಕಟ್ಟಿದ ಒಲೆಗೆ ಒಂದೂಕಾಲು, ಒಂದೂವರೆ ಕಿಲೋದಲ್ಲಿ ಕೆಲಸ ಮುಗಿಯುತ್ತದೆ. ಸೊಪ್ಪಿನ ಬೆಟ್ಟದಿಂದ ಕಟ್ಟಿಗೆ ಹೊತ್ತು ತರುವವರಿಗೆ ಈ ಅಂತರದ ಭಾರ ಚೆನ್ನಾಗಿ ಗೊತ್ತು.

ಈ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ತಲುಪಿಸಲೆಂದು 1974ರಲ್ಲಿ ಆರಂಭವಾದ ಅಸ್ತ್ರ ವಿಭಾಗವು ಅಸ್ತ್ರ ಒಲೆಯನ್ನು ರೂಪಿಸಿತು. ಸುತ್ತ ಮುಚ್ಚಿದ ಉರಿಗೂಡು, ಕೆಳಗೆ ಜಾಲರಿ, ಬಾಯಿಗೆ ಬಾಗಿಲು, ಕೊನೆಯಲ್ಲಿ ಹೊಗೆ ಕೊಳವೆ, ಇಷ್ಟೇ ಅದರ ತಿರುಳು. ಬಚ್ಚಲ ಒಲೆಗೂ ಇದೇ ತತ್ವ ಸಲ್ಲುತ್ತದೆ.

ಕಟ್ಟುವಾಗ ಹೊರಗೋಡೆಗೆ ಚಿರೆಕಲ್ಲು ಸಾಕು, ಉರಿ ತಾಗುವ ಒಳಮೈಗೆ ಚೆನ್ನಾಗಿ ಬೆಂದ ಇಟ್ಟಿಗೆಯನ್ನೇ ಇಡಬೇಕು. "ಸಿಮೆಂಟ್ ಹಾಕಿದ್ರೆ ಗಟ್ಟಿ ಆಗ್ತದಲ್ರಾ ಹೆಗಡೇರೆ?" ಎಂದು ನಮ್ಮ ಮೇಸ್ತ್ರಿ ಕೇಳಿದರು. ಬೆಂಕಿಯ ಎದುರು ಸಿಮೆಂಟ್ ಗಾರೆ ಬಿರುಕು ಬಿಟ್ಟು ಉದುರುತ್ತದೆ. ಹುತ್ತದ ಮಣ್ಣಿಗೆ ಸಗಣಿ ಮತ್ತು ಭತ್ತದ ಹೊಟ್ಟು ಕಲಸಿ ಮೆತ್ತಿದ್ದು ಬಿರುಕು ಬಿಟ್ಟರೂ ಮರುದಿನ ಒಂದು ಹಿಡಿ ಮಣ್ಣಿನಿಂದ ಮುಚ್ಚಬಹುದು. ಹಂಡೆಯ ಮೈಗೂ ಒಳಗೋಡೆಗೂ ನಡುವೆ ಸುಮಾರು ಒಂದೂವರೆ ಇಂಚು ಮಾತ್ರ ತೆರಪಿರಲಿ. ಆಗ ಬಿಸಿ ಗಾಳಿ ಹಂಡೆಯನ್ನು ಸವರಿಕೊಂಡೇ ಕೊಳವೆಗೆ ಹೋಗಬೇಕಾಗುತ್ತದೆ. ಹಂಡೆಯ ಕಂಠ ಕೂರುವ ಬಳೆಯ ಸುತ್ತ ಮಣ್ಣು ಮೆತ್ತಿ ಸಂದು ಮುಚ್ಚದಿದ್ದರೆ ಹೊಗೆ ಅಲ್ಲಿಂದಲೇ ಏಳುತ್ತದೆ. ಕಟ್ಟಿದ ಮೇಲೆ ಕೆಲವು ದಿನ ಸಣ್ಣ ಉರಿಯನ್ನಷ್ಟೇ ಹಾಕಿ ಒಲೆಯನ್ನು ಒಣಗಿಸಬೇಕು.

ಕೊಳವೆಯ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದು. ಬಿಸಿ ಹೊಗೆ ಹಗುರವಾದ್ದರಿಂದ ಮೇಲೇರುತ್ತದೆ, ಏರುತ್ತ ಒಲೆಯ ಬಾಯಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈ ಎಳೆತ ಕೊಳವೆಯ ಎತ್ತರವನ್ನೂ ಅದರೊಳಗಿನ ಬಿಸಿಯನ್ನೂ ಅವಲಂಬಿಸಿದೆ. ಹಾಗಾಗಿ ಕೊಳವೆ ನೆಟ್ಟಗಿರಬೇಕು, ಮಾಡಿನ ನೆತ್ತಿಗಿಂತ ಕನಿಷ್ಠ ಮೂರಡಿ ಮೇಲಿರಬೇಕು, ತಿರುವು ಅನಿವಾರ್ಯವಾದರೆ ಓರೆಯಾಗಿರಬೇಕೇ ಹೊರತು ಅಡ್ಡ ಮಲಗಬಾರದು. ತುದಿಯ ಟೋಪಿಗೂ ಕೊಳವೆಗೂ ನಡುವೆ ಕೊಳವೆಯ ಅಗಲದಷ್ಟಾದರೂ ಜಾಗ ಬೇಕು, ಇಲ್ಲವಾದರೆ ಮಳೆಯ ಜೊತೆಗೆ ಹೊಗೆಗೂ ತಡೆಯಾಗುತ್ತದೆ. ಅಸ್ಬೆಸ್ಟಾಸ್ ಕೊಳವೆ ಅಗ್ಗಕ್ಕೆ ಸಿಕ್ಕರೂ ಬೇಡ: ಬಿಸಿಗೆ ಸೀಳುತ್ತದೆ, ಅದರ ನಾರು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಒಲೆಗೆ ತಾಗಿದ ಭಾಗಕ್ಕೆ ದಪ್ಪ ಕಬ್ಬಿಣದ ಪೈಪು ಒಳ್ಳೆಯದು. ಕಾರವಾರ, ಅಂಕೋಲಾ, ಕುಮಟಾ ಕಡೆಯ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿಯವರು ದುಡ್ಡು ಹೆಚ್ಚಾದರೂ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸುವುದೇ ಸರಿ.

ಹೆಂಚಿನ ಮಾಡನ್ನು ಕೊಳವೆ ದಾಟುವ ಜಾಗದಲ್ಲಿ ಎಚ್ಚರ ಬೇಕೇ ಬೇಕು. ಒಂದೇ ಪದರದ ಪೈಪಿಗೂ ಮಾಡಿನ ಮರದ ಪಕಾಸಿ, ರೀಪುಗಳಿಗೂ ಒಂದೂವರೆ ಅಡಿ ಅಂತರವಿರಬೇಕು. ಅಲ್ಲಿ ರೀಪು ಕತ್ತರಿಸಿ, ಹೆಂಚು ತೆಗೆದು ತಗಡು ಕೂರಿಸಬೇಕಾಗುತ್ತದೆ. ಸೋಗೆ ಹೊದೆಸಿದ ಮಾಡಿನ ಮೂಲಕ ಕೊಳವೆ ಒಯ್ಯುವುದನ್ನು ನಾನು ಯಾರಿಗೂ ಹೇಳಲಾರೆ.

ಕೆಲಸ ಮುಗಿದ ದಿನ ಮೇಸ್ತ್ರಿ ದೇವರ ಕೋಣೆಯಿಂದ ಊದುಬತ್ತಿ ಕೇಳಿ ತಂದು ಒಲೆಯ ಬಾಯಿಯ ಹತ್ತಿರ ಹಿಡಿದರು. ನೂಲಿನಂತೆ ನೆಟ್ಟಗೆ ಏಳುತ್ತಿದ್ದ ಅದರ ಹೊಗೆ ಬಾಗಿಲ ಬಳಿ ಬಂದೊಡನೆ ಒಳಕ್ಕೆ ಬಾಗಿ ಜಾರಿ ಹೋಯಿತು. ಎಳೆತ ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಮಳೆಗಾಲದ ಮುಂಜಾನೆ ಕೊಳವೆ ತಣ್ಣಗಿದ್ದಾಗ ಇದೇ ಹೊಗೆ ಹೊರಗೆ ಬಾಗುವುದುಂಟು. ಆಗ ಕೊಳವೆಯ ಬುಡದ ಕಿಂಡಿಯಲ್ಲಿ ಒಣ ಸೋಗೆಯ ಒಂದು ಸೂಡಿ ಹೊತ್ತಿಸಿ ಕೊಳವೆಯನ್ನು ಬಿಸಿ ಮಾಡಿಕೊಂಡು, ಅನಂತರ ಒಲೆಗೆ ಬೆಂಕಿ ಹಾಕಬೇಕು.

ಕಟ್ಟಿಗೆಯನ್ನು ಸೀಳಿ, ಗಾಳಿಯಾಡುವಂತೆ ಪೇರಿಸಿ, ಬೇಸಿಗೆಯ ಬಿಸಿಲು ಪೂರ್ತಿ ಉಣಿಸಿ ಕೊಟ್ಟಿಗೆಗೆ ಸೇರಿಸಿದರೆ ನೀರಿನಂಶ 20 ಪ್ರತಿಶತದ ಆಸುಪಾಸಿಗೆ ಇಳಿಯುತ್ತದೆ. ಮತ್ತಿ, ಕಿಂದಳ, ಜಂಬೆ ನಿಧಾನವಾಗಿ ಉರಿದು ಕೆಂಡ ಉಳಿಸುತ್ತವೆ. ಕರಾವಳಿಯ ಗಾಳಿ ಮರ ತುಸು ಹಸಿಯಿದ್ದರೂ ಉರಿಯುತ್ತದೆ. ಹೊಳಗೇರು ಮರವನ್ನು ಒಲೆಯ ಹತ್ತಿರವೂ ತರಬಾರದು. ಅದರ ಸೊನೆಯಂತೆಯೇ ಹೊಗೆಯೂ ಮೈಗೆ ಬಾವು ತರಿಸುತ್ತದೆ. ಬೆಂಕಿ ಹೊತ್ತಿಸಲು ಹಾಲಿನ ಪ್ಯಾಕೆಟ್ ಉರಿಸುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು.

ಕೊಳವೆ ಹಾಕಿಸಿದರೆ ಕಳೆದುಕೊಳ್ಳುವುದೂ ಇದೆ. ಹೊಗೆ ಹಾಯುತ್ತಿದ್ದ ಅಟ್ಟದಲ್ಲಿ ಮರಕ್ಕೆ ಹುಳು ಬೀಳುತ್ತಿರಲಿಲ್ಲ, ತೂಗುಹಾಕಿದ ಬಿತ್ತನೆ ಬೀಜ ಕೆಡುತ್ತಿರಲಿಲ್ಲ, ಮಳೆಗಾಲದಲ್ಲೇ ಹಣ್ಣಾಗುವ ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆಯೂ ಒಣಗುತ್ತಿತ್ತು. ಇವಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಆದರೂ ದಿನವೂ ಒಲೆಯ ಮುಂದೆ ಕೂತು ಊದುವ ಹೆಂಗಸರ ಎದೆಗಿಂತ ಅಟ್ಟದ ತೊಲೆ ದೊಡ್ಡದೆಂದು ಹೇಳಲು ನನಗೆ ಮನಸ್ಸು ಬಾರದು.

ಕಣ್ಣಿಗೆ ಕಾಣದ ಅಪಾಯವೊಂದಿದೆ. ಹೊಗೆ ನಿಂತ ಮೇಲೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ಕೆಂಡವಿರುವಾಗ ಕೊಳವೆಯ ಮುಚ್ಚಳ ಹಾಕಬಾರದು, ಬಚ್ಚಲಮನೆಯ ಕಿಟಕಿಯನ್ನು ಪೂರ್ತಿ ಮುಚ್ಚಬಾರದು. ಬಾಣಂತಿ, ಮಗು ಬೆಚ್ಚಗಿರಲೆಂದು ಬಚ್ಚಲ ಒಲೆಯ ಕೆಂಡವನ್ನು ಅಗ್ಗಿಷ್ಟಿಕೆಗೆ ತುಂಬಿ, ಬಾಗಿಲು ಹಾಕಿದ ಕೋಣೆಯಲ್ಲಿ ಇಡುವ ರೂಢಿ ಈಗಲೂ ಇರುವ ಮನೆಗಳವರು ದಯವಿಟ್ಟು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಕೊಳವೆಯ ಒಳಗೆ ಮಸಿಯೂ ಡಾಂಬರಿನಂಥ ಅಂಟೂ ಕಟ್ಟುತ್ತದೆ, ದಪ್ಪವಾದರೆ ಅದಕ್ಕೇ ಬೆಂಕಿ ಹತ್ತಬಹುದು. ಮಳೆ ಹಿಡಿಯುವ ಮುಂಚೆ ಒಮ್ಮೆ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗುವಾಗ ಇನ್ನೊಮ್ಮೆ, ಉದ್ದ ಗಳಕ್ಕೆ ಬ್ರಷ್ ಕಟ್ಟಿ ಮೇಲಿನಿಂದ ಎಳೆದು ಬುಡದ ಕಿಂಡಿಯಿಂದ ಮಸಿ ತೆಗೆಯುತ್ತೇವೆ. ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುವ ಮುಂಚೆ ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿ ಒಂದೆರಡು ದಿನ ಇಡಬೇಕು, ಏಕೆಂದರೆ ಬೂದಿಯೊಳಗಿನ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ.