ಬಿಹಾರದ ಕೊಟ್ಟಿಗೆ, ಮ್ಯಾಡ್ರಿಡ್ ಪಾರ್ಕು, ಮಧ್ಯೆ ಒಂದು ಮರಳು ನೊಣ

ಮರಳು ನೊಣ, ಅದೇ ಸ್ಯಾಂಡ್‌ಫ್ಲೈ, ಸೊಳ್ಳೆಗಿಂತ ಎಷ್ಟೋ ಚಿಕ್ಕದು, ಗುಂಯ್ ಅಂತ ಸದ್ದೂ ಮಾಡಲ್ಲ, ಮಾಮೂಲಿ ಸೊಳ್ಳೆಪರದೆ ತೂತಲ್ಲೇ ಆರಾಮಾಗಿ ಒಳಗೆ ಬರುತ್ತೆ. ಮೊಟ್ಟೆ ಇಡೋಕೆ ನಿಂತ ನೀರೂ ಬೇಡ ಇದಕ್ಕೆ, ಸಗಣಿನೋ ಕೊಳೆತ ಎಲೆನೋ ಬೆರೆತ ತಂಪು ಮಣ್ಣು, ಸ್ವಲ್ಪ ನೆರಳು, ಇಷ್ಟಿದ್ರೆ ಸಾಕು. ಹಾರೋದ್ರಲ್ಲಿ ವೀಕು ಬೇರೆ, ಕುಪ್ಪಳಿಸ್ಕೊಂಡೇ ಹೋಗುತ್ತೆ, ಹಾಗಾಗಿ ಅದು ಹೆಚ್ಚಾಗಿದೆ ಅಂದ್ರೆ ಕಾರಣ ಅಲ್ಲೇ ಅಕ್ಕಪಕ್ಕದಲ್ಲೇ ಇರುತ್ತೆ.

ಉತ್ತರ ಬಿಹಾರನೇ ನೋಡಿ. ಮಣ್ಣಿನ ಗೋಡೆ, ಗೋಡೆ ತುಂಬ ಬಿರುಕು, ಒತ್ತಿಕೊಂಡೇ ದನದ ಕೊಟ್ಟಿಗೆ. ಹಗಲು ನೊಣ ಬಿರುಕಲ್ಲಿ ಮಲಗಿರುತ್ತೆ, ರಾತ್ರಿ ದನಾನೂ ಕಚ್ಚುತ್ತೆ ಜನಾನೂ ಕಚ್ಚುತ್ತೆ. ಈ ನೊಣ ಕಚ್ಚೋದ್ರಿಂದ ಬರೋ ಕಾಲಾ ಅಜಾರ್ ದನಕ್ಕೆ ಬರಲ್ಲ, ಇಲ್ಲಿ ಅದು ನೊಣದ ಮೂಲಕ ಮನುಷ್ಯರಿಂದ ಮನುಷ್ಯರಿಗೆ ಹರಡೋ ಕಾಯಿಲೆ, ವಾರಗಟ್ಟಲೆ ಜ್ವರ, ಗುಲ್ಮ ಊದಿ ಹೊಟ್ಟೆ ಉಬ್ಬಿ, ಔಷಧಿ ಸಿಗ್ಲಿಲ್ಲ ಅಂದ್ರೆ ಸಾವೇ. ಮಜಾ ಏನಂದ್ರೆ 1950ರ ದಶಕದಲ್ಲಿ ಮಲೇರಿಯಾ ಸೊಳ್ಳೆ ಸಾಯ್ಲಿ ಅಂತ ಮನೆಮನೆ ಗೋಡೆಗೆ ಡಿಡಿಟಿ ಹೊಡೆದ್ರಲ್ಲ, ಅದರಲ್ಲಿ ಈ ನೊಣಾನೂ ಸತ್ತು ಕಾಲಾ ಅಜಾರ್ ಹೆಚ್ಚುಕಮ್ಮಿ ಮಾಯವಾಗಿತ್ತು, ಯಾರೂ ಇದಕ್ಕೆ ಅಂತ ಗುರಿ ಇಟ್ಟಿರ್ಲಿಲ್ಲ. ಆಮೇಲೆ ಹೊಡೆಯೋದು ನಿಂತಿತು, ಗೋಡೆ ಕೊಟ್ಟಿಗೆ ಎಲ್ಲ ಹಾಗೇ ಇತ್ತು, 1977ರ ಹೊತ್ತಿಗೆ ಬಿಹಾರದಲ್ಲಿ ಲಕ್ಷದ ಹತ್ತಿರ ಕೇಸು. ಮುಂದೆ ನೊಣ ಡಿಡಿಟಿಗೂ ಜಗ್ಗದೇ ಇರೋ ಹಾಗಾಗಿ ಬೇರೆ ಕೀಟನಾಶಕಕ್ಕೆ ಹೋಗ್ಬೇಕಾಯ್ತು.

ಇದು ಬಡವರ ಮನೆ ಸಮಸ್ಯೆ ಅಂತ ಸುಮ್ಮನಾಗೋ ಹಾಗೂ ಇಲ್ಲ. ಮ್ಯಾಡ್ರಿಡ್ ಪಕ್ಕದ ಫ್ಯುಯೆನ್‌ಲಬ್ರಾಡಾದಲ್ಲಿ ಅಪಾರ್ಟ್‌ಮೆಂಟ್‌ಗಳ ಪಕ್ಕ ದೊಡ್ಡ ಹಸಿರು ಪಾರ್ಕ್ ಮಾಡಿದ್ರು, ಸುತ್ತ ರಸ್ತೆ, ಮೊಲ ತಿನ್ನೋ ಪ್ರಾಣಿ ಕಮ್ಮಿ, ಕಾಡುಮೊಲ ಸಿಕ್ಕಾಪಟ್ಟೆ ಹೆಚ್ಚಾದ್ವು. ನೊಣ ಅಲ್ಲಿ ಮುಂಚೆನೂ ಇತ್ತು, ಈಗ ಊಟ ಜಾಸ್ತಿ ಆಯ್ತು ಅಷ್ಟೇ. 2009ರಿಂದ 2012ರ ಒಳಗೆ ನಾನೂರಕ್ಕೂ ಹೆಚ್ಚು ಜನಕ್ಕೆ ಲೀಶ್ಮೇನಿಯಾಸಿಸ್, ಅಂದ್ರೆ ಕಾಲಾ ಅಜಾರ್ ಕುಟುಂಬದ್ದೇ ರೋಗ. ಸ್ಪೇನಲ್ಲಿ ನೊಣಕ್ಕೆ ಈ ರೋಗ ಎಲ್ಲಿಂದ ಅಂಟಿತು ಅಂದ್ರೆ ಯಾವಾಗ್ಲೂ ನಾಯಿ ಮೇಲೇ ಅನುಮಾನ, ಆದ್ರೆ ಊರಿನ ನಾಯಿಗಳಲ್ಲಿ ಸೋಂಕು ಹೆಚ್ಚಾಗಿರ್ಲಿಲ್ಲ, ನೊಣದ ಹೊಟ್ಟೇಲಿರೋ ರಕ್ತ ಟೆಸ್ಟ್ ಮಾಡಿದ್ರೆ ಜಾಸ್ತಿ ಮೊಲದ್ದೇ.

ನಂಗೆ ಬಿಹಾರಕ್ಕಿಂತ ಇದೇ ಕಷ್ಟದ ಕೇಸು ಅನ್ಸುತ್ತೆ. ಗೋಡೆ ಬಿರುಕಿಗೆ ಸಿಮೆಂಟ್ ಮೆತ್ತಿ ಅಂತ ಹೇಳ್ಬೋದು, ಪಾರ್ಕ್ ಬೇಡ ಅಂತ ಯಾರಿಗೆ ಹೇಳೋದು. ಕೊನೆಗೆ ಅಲ್ಲಿನ ಆಡಳಿತದವ್ರು ಪಾರ್ಕ್ ಉಳಿಸ್ಕೊಂಡು ಮೊಲಗಳನ್ನ ಹಿಡಿಸೋಕೆ ಶುರು ಮಾಡಿದ್ರು.