ಪಕ್ಕದವರ ಬಿಡಿಭಾಗ

ಮಂಡ್ಯ ಕಡೆ ಆಲೆಮನೆಯ ಗಾಣದಲ್ಲಿ ಬೇರಿಂಗ್ ಹೋದರೆ ಕಡಿದ ಕಬ್ಬು ಕಾಯುವುದಿಲ್ಲ. ಒಂದು ದಿನ ದಾಟಿದರೆ ಅದರ ಸಕ್ಕರೆಯಾದ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತಾ ಹೋಗುತ್ತದೆ. ಪಾಕ ಎಷ್ಟು ಕುದಿಸಿದರೂ ಅಚ್ಚು ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ಆಗ ಬಿಡಿಭಾಗ ಕೊಟ್ಟು ಕೈಹಿಡಿಯುವುದು ಪಕ್ಕದ ಆಲೆಮನೆಯೇ.

ಹಿಮದ ಮೇಲೆ ಜಾರುವ ಆಟಕ್ಕಿರುವ ಅಮೆರಿಕದ ಸಣ್ಣ ಸ್ಕೀ ಗುಡ್ಡಗಳದ್ದೂ ಇದೇ ಪಾಡು. ಜನರನ್ನು ಹಗ್ಗಕ್ಕೆ ತೂಗುವ ಕುರ್ಚಿಯಲ್ಲಿ ಗುಡ್ಡ ಹತ್ತಿಸುವ ಚೇರ್‌ಲಿಫ್ಟ್ ತಯಾರಿಸುತ್ತಿದ್ದ, ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನ ರಿಬ್ಲೆಟ್ ಕಂಪನಿ 2003ರಲ್ಲಿ ಮುಚ್ಚಿತು, ಅದರ ಲಿಫ್ಟ್‌ಗಳು ಮಾತ್ರ ಇನ್ನೂ ಓಡುತ್ತಿವೆ. ಉಕ್ಕಿನ ಹಗ್ಗದ ಎಳೆಗಳ ನಡುವೆ ತೂರಿಸಿ ಕುರ್ಚಿ ಹಿಡಿಸುವ ಕ್ಲಿಪ್, ರಾಟೆಯ ರಬ್ಬರ್ ಲೈನರ್ ಎಲ್ಲಾ ಸವೆಯುವ ವಸ್ತುಗಳೇ. ಹಾಗಾಗಿ ಒಬ್ಬರು ಬಿಚ್ಚಿದ ಹಳೇ ಲಿಫ್ಟ್ ಇನ್ನೊಬ್ಬರಿಗೆ ಬಿಡಿಭಾಗಗಳ ಗೋದಾಮು.

ನಮ್ಮಲ್ಲೂ ಅಕ್ಕಪಕ್ಕದ ಗಾಣಗಳು ಒಂದೇ ಅಳತೆಯವಾದರೆ ಮೂರೂರಿಗೆ ಒಂದು ಜೊತೆ ಬೇರಿಂಗ್ ಹೆಚ್ಚುವರಿ ಇದ್ದರೆ ಸಾಕು. ಶಾಫ್ಟ್ ವ್ಯಾಸ, ಬೇರಿಂಗ್ ನಂಬರ್, ಗೇರ್ ಹಲ್ಲುಗಳ ಎಣಿಕೆ: ಕಬ್ಬು ಕಡಿಯುವ ಮೊದಲೇ ಬರೆದು ಹಂಚಿಕೊಳ್ಳಿ.